ಎಮ್ಮೆಯ ಬಾಯಿಗೆ ನಾನು ಬರೆದ ಮಾತು

2022ರ ಮಳೆಗಾಲದಲ್ಲಿ ನಾನು ಗೋಕಾಕದಲ್ಲಿ ಧ್ವನಿಮುದ್ರಣದ ಸ್ಟುಡಿಯೋ ನಡೆಸುತ್ತಿದ್ದೆ. ಸ್ಟುಡಿಯೋ ಎಂದ ಕೂಡಲೇ ದೊಡ್ಡದೇನನ್ನೋ ಊಹಿಸಿಕೊಳ್ಳುವುದು ಬೇಡ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಒಂದರ ಗೋಡೆಗೆ ಸ್ಪಂಜು ಅಂಟಿಸಿ, ಬಾಗಿಲಿಗೆ ಹಳೆಯ ಕೌದಿ ಇಳಿಬಿಟ್ಟು, ನಡುವೆ ಒಂದು ಮೈಕು ನಿಲ್ಲಿಸಿದ್ದೆ. ಇನ್ನೊಂದರಲ್ಲಿ, ಗಾಜಿನ ಕಿಟಕಿಯ ಆಚೆ, ಕಂಪ್ಯೂಟರು, ನಾನು ಮತ್ತು ಚಹಾದ ಥರ್ಮಾಸು. ಭಜನಾ ಮಂಡಳಿಗಳ ಹಾಡು, ಲಗ್ನದ ವಿಡಿಯೋಗೆ ಹಿನ್ನೆಲೆ ಮಾತು, ಚುನಾವಣೆ ಬಂದರೆ ಆಟೋದ ಮೇಲೆ ಕಟ್ಟುವ ಸ್ಪೀಕರಿಗೆ ಘೋಷಣೆ, ಇವೇ ನನ್ನ ಕೆಲಸ. ಅದಕ್ಕೂ ಮೊದಲು ಧಾರವಾಡದಲ್ಲಿ ಕೆಲವು ವರ್ಷ ರೇಡಿಯೋದಲ್ಲಿ ತಾತ್ಕಾಲಿಕ ಉದ್ಘೋಷಕನಾಗಿದ್ದೆ. ಮಾತು ಕಲಿತದ್ದು ನಮ್ಮ ಆಯಿಯಿಂದ, ಅಂದರೆ ಅಜ್ಜಿಯಿಂದ, ಮತ್ತು ಕಾಕಾಂದಿರಿಂದ. ರೇಡಿಯೋಗೆ ಹೋದ ಮೇಲೆ ಆ ಮಾತನ್ನು ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಒಳಗೆ ಹೋಗುವುದನ್ನು ಕಲಿತೆ.

ಆ ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಪ್ರಶಾಂತ ಎಂಬ ತರುಣ ಬಂದ. ಅವನ ಸಣ್ಣ ಕಂಪನಿ ಹಳೆಯ ಕಾಲದ ಒಂದು ವಿದೇಶಿ ವಿಡಿಯೋ ಗೇಮಿನ ಹಕ್ಕು ಪಡೆದಿತ್ತು. ಟಿವಿಗೆ ಪೆಟ್ಟಿಗೆ ಜೋಡಿಸಿ, ಕ್ಯಾಸೆಟ್ ಸಿಕ್ಕಿಸಿ, ಗುಂಡಿಗಳಿರುವ ಹಿಡಿಕೆ ಹಿಡಿದು ಆಡುತ್ತಿದ್ದೆವಲ್ಲ, ಆ ಬಗೆಯದು. ಅದನ್ನು ಕನ್ನಡದಲ್ಲಿ ಮಾತಾಡಿಸಿ, ಸೋವಿ ಬೆಲೆಯ ಹೊಸ ಪೆಟ್ಟಿಗೆಯಲ್ಲಿ ಶಾಲೆಗಳಿಗೂ ಮನೆಗಳಿಗೂ ಮಾರುವುದು ಅವರ ಲೆಕ್ಕಾಚಾರ. ಇಂಥ ಆಟಕ್ಕೆ ಪ್ಲಾಟ್‌ಫಾರ್ಮ್ ಗೇಮ್ ಎನ್ನುತ್ತಾರೆ. ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತ, ಹಳ್ಳ ದಾಟುತ್ತ ಮುಂದೆ ಹೋಗಬೇಕು. ಕಥೆ ಸರಳ: ಕಾಡಿನ ಗಂಟೆಗಳು ಕಳುವಾಗಿವೆ, ಅಲ್ಲಲ್ಲಿ ಅಡಗಿಸಿಟ್ಟ ಆ ಗಂಟೆಗಳನ್ನೆಲ್ಲ ಹುಡುಕಿ ಕೂಡಿಸಬೇಕು. ಆಡುವವರು ನಾಲ್ಕು ಪ್ರಾಣಿಗಳಲ್ಲಿ ಯಾವುದು ಬೇಕೋ ಅದಾಗಬಹುದು, ಉಳಿದವು ಮಾತಾಡುತ್ತ ಜೊತೆಗೆ ಬರುತ್ತವೆ. ನರಿ ಓಡುತ್ತದೆ, ಕಪ್ಪೆ ಎತ್ತರಕ್ಕೆ ಹಾರುತ್ತದೆ, ಅಳಿಲು ಗಾಳಿಯಲ್ಲಿ ತೇಲುತ್ತದೆ. ನಾಲ್ಕನೆಯದು ಮೂಲದಲ್ಲಿ ಕಾಡುಕೋಣದಂಥ ಪ್ರಾಣಿ, ತಲೆಯಿಂದ ಹಾಯ್ದು ಬಂಡೆ ಒಡೆಯುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಗುರುತು ಸಿಗಲೆಂದು ಪ್ರಶಾಂತ ಅದನ್ನು ಎಮ್ಮೆ ಮಾಡಿದ್ದ.

ಮಾತು ಬರೆಯುವುದು, ಧ್ವನಿ ಕೊಡುವವರನ್ನು ಹುಡುಕುವುದು, ಮುದ್ರಿಸುವುದು ಮೂರೂ ನನ್ನ ಪಾಲಿಗೆ ಬಂದವು. ಗೇಮಿನ ಡಬ್ಬಿಂಗ್ ಸಿನಿಮಾದ ಹಾಗಲ್ಲ. ಒಂದೊಂದು ಮಾತೂ ಒಂದೊಂದು ಬೇರೆ ತುಂಡು. ಆಡುವವನು ಯಾವಾಗ ಏನು ಮಾಡುತ್ತಾನೋ ಗೊತ್ತಿಲ್ಲದ ಕಾರಣ ಹಿಂದಿನ ಮಾತಿಗೂ ಮುಂದಿನ ಮಾತಿಗೂ ಕೊಂಡಿ ಇರುವುದಿಲ್ಲ. ಪ್ರತಿ ತುಂಡಿಗೂ ಇಷ್ಟೇ ಸೆಕೆಂಡು ಎಂಬ ಅಳತೆ ಇರುತ್ತದೆ, ಅದನ್ನು ಮೀರುವಂತಿಲ್ಲ. ಪ್ರಶಾಂತ ನನಗೆ ಮೂಲದ ಮಾತುಗಳನ್ನು ಬರೀ ಹಾಳೆಯ ಮೇಲೆ ಕೊಟ್ಟು, ನಾಲ್ಕೂ ಪ್ರಾಣಿಗಳು ಕಿವಿಗೆ ಬೇರೆ ಬೇರೆ ಕೇಳಿಸಬೇಕು ಎಂದಷ್ಟೇ ಹೇಳಿದ್ದ. ಯಾರು ಜಾಣ, ಯಾರು ದಡ್ಡ ಎಂದು ಅವನು ಹೇಳಲಿಲ್ಲ. ಅದನ್ನು ನಿರ್ಧರಿಸಿದವನು ನಾನು.

ನಾನು ಹಂಚಿದ್ದು ಹೀಗೆ. ನರಿಗೆ ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಕಪ್ಪೆಗೆ ಕಾಲೇಜು ಹುಡುಗರ ಮಾತು. ಅಳಿಲಿಗೆ ಚಿಲಿಪಿಲಿ. ಎಮ್ಮೆಗೆ ನಮ್ಮ ಆಯಿಯ ಮಾತು ಕೊಟ್ಟೆ. ಬರೆಯುವಾಗ ಬಹಳ ಪ್ರೀತಿಯಿಂದಲೇ ಬರೆದೆ, ಒಬ್ಬನೇ ಕೂತು ನಕ್ಕೆ. "ತಲಿ ಐತಿ ಹಾಯಾಕ, ವಿಚಾರ ಮಾಡಾಕ ನೀವ ಅದೀರಿ" ಎಂದು ಎಮ್ಮೆ ನರಿಗೆ ಹೇಳುತ್ತದೆ. "ನನಗೇನ ತಿಳೀತೈತಿ, ನೀವ ಹೇಳಿದಂಗ" ಎನ್ನುತ್ತದೆ. ದಾರಿ ತಪ್ಪುವುದು ಎಮ್ಮೆ, ಗಂಟೆಯನ್ನು ತಿನ್ನುವ ವಸ್ತು ಎಂದು ಮೂಸಿ ನೋಡುವುದೂ ಎಮ್ಮೆ. ನಮ್ಮ ಆಯಿಯಷ್ಟು ಚುರುಕಾದ ಹೆಂಗಸನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಆದರೂ ಅವಳ ಮಾತನ್ನು ಯಾವ ಪ್ರಾಣಿಗೆ ಕೊಡಲಿ ಎಂಬ ಪ್ರಶ್ನೆ ಬಂದಾಗ ನನ್ನ ಕೈ ತಾನಾಗಿಯೇ ದಡ್ಡನ ಕಡೆಗೆ ಹೋಯಿತು.

ಎಮ್ಮೆಯ ಧ್ವನಿಗೆ ಮೂಡಲಗಿಯ ತಂಗೆವ್ವನನ್ನು ಕರೆದೆ. ವಯಸ್ಸು ಅರವತ್ತು ದಾಟಿದ ಸಣ್ಣಾಟದ ಕಲಾವಿದೆ. ಸಣ್ಣಾಟವೆಂದರೆ ನಮ್ಮ ಭಾಗದ ಬಯಲು ನಾಟಕ, ಹಾಡು ಮಾತು ಎರಡೂ ಉಂಟು. ಅದರಲ್ಲಿ ಯಜಮಾನನನ್ನೇ ಗದರಿಸುವ ಕೆಲಸದಾಕೆಯ ಪಾತ್ರ ಅವಳದು. ಅವಳು ಬಾಯಿ ತೆರೆದರೆ ಜನ ಕೂತಲ್ಲೇ ಹೊರಳಾಡುತ್ತಿದ್ದರು. ಆದರೆ ಅವಳ ಮಗಳು ಸುಮಂಗಲಾ ತಾಯಿಯ ಆಟವನ್ನು ಒಮ್ಮೆಯೂ ನೋಡಿದವಳಲ್ಲ. ಸಣ್ಣವಳಿದ್ದಾಗ ಶಾಲೆಯಲ್ಲಿ ಹುಡುಗರು "ಸಣ್ಣಾಟದಾಕಿ ಮಗಳು" ಎಂದು ಕಾಡುತ್ತಿದ್ದರಂತೆ. ಈಗ ಹುಕ್ಕೇರಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ತಾಯಿ ಏನು ಮಾಡುತ್ತಿದ್ದಳೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಇದನ್ನೆಲ್ಲ ತಂಗೆವ್ವ ಮುಚ್ಚುಮರೆಯಿಲ್ಲದೆ ಹೇಳಿದಳು. ಕಂಪ್ಯೂಟರ್ ಕಂಪನಿಯ ಕೆಲಸವೆಂದರೆ ಮಗಳಿಗೆ ಹೇಳಿಕೊಳ್ಳಲು ಸಂಕೋಚವಾಗಲಿಕ್ಕಿಲ್ಲ ಎಂಬ ಆಸೆ ಅವಳದು. ಆ ಆಸೆಗೇ ಒಪ್ಪಿಕೊಂಡಿದ್ದಳು.

ಮುದ್ರಣದ ದಿನ ಹೆಡ್‌ಫೋನ್ ಹಾಕಿಸಿ ಒಳಗೆ ನಿಲ್ಲಿಸಿದೆ. ಅವಳಿಗೆ ಕಷ್ಟವಾಯಿತು. ಸಣ್ಣಾಟದಲ್ಲಿ ಬರೆದ ಮಾತು ಇರುವುದಿಲ್ಲ. ಎದುರಿನವರು ಏನೋ ಕೇಳುತ್ತಾರೆ, ಪಾತ್ರಧಾರಿ ಅಲ್ಲಿಯೇ ಹೊಳೆದದ್ದನ್ನು ಆಡುತ್ತಾರೆ. ಗಾಜಿನ ಆಚೆ ಕೂತಿದ್ದ ನನ್ನನ್ನು ನೋಡಿ, "ತಮ್ಮಾ, ನಾ ಮಾತಾಡೂದು ಯಾರ ಜೋಡಿ?" ಎಂದಳು. ಯಾರ ಜೊತೆಯೂ ಅಲ್ಲ ಅಕ್ಕಾರ, ಬರೀ ಓದಿದರಾಯಿತು ಎಂದೆ. ಬಂಡೆ ಒಡೆಯುವ ಮಾತು ಬಂದಾಗ ಅವಳು ತನ್ನದೊಂದು ಸೇರಿಸಿದಳು: "ಬಾಗಲಾ ಆತು, ಬಾ ಒಳಗ, ಶ್ಯಾಣ್ಯಾ." ನಾನು ನಕ್ಕೆ, ಅಳತೆ ಮೀರಿತು ಎಂದು ಕತ್ತರಿಸಿದೆ. ಅಳತೆ ಮೀರಿದ್ದು ನಿಜ. ಆದರೆ ಎಮ್ಮೆ ನರಿಗೆ ಶ್ಯಾಣ್ಯಾ, ಅಂದರೆ ಜಾಣ, ಎಂದು ಅಣಕಿಸುವುದು ನನ್ನ ಎಮ್ಮೆಗೆ ಹೊಂದುವುದಿಲ್ಲ ಎಂದೂ ಅನ್ನಿಸಿತ್ತು. ಅವಳು ಮತ್ತೆ ಏನೂ ಸೇರಿಸಲಿಲ್ಲ, ಬರೆದದ್ದನ್ನು ಬರೆದ ಹಾಗೆ ಓದಿ ಮುಗಿಸಿದಳು.

ಮಾರಾಟಕ್ಕೆ ಮೊದಲು ಆಟವನ್ನು ಮಕ್ಕಳ ಕೈಗೆ ಕೊಟ್ಟು ನೋಡುವುದು ವಾಡಿಕೆ. ಶಾಲೆ ಯಾವುದೆಂಬ ಮಾತು ಬಂದಾಗ ತಂಗೆವ್ವನೇ ನನ್ನ ಹತ್ತಿರ ಮಗಳ ಶಾಲೆಯ ಹೆಸರು ಎತ್ತಿದಳು. ಪ್ರಶಾಂತನಿಗೆ ನಾನು ಶಾಲೆಯ ಹೆಸರಷ್ಟೇ ಹೇಳಿದೆ. ಅಷ್ಟು ಹೊತ್ತಿಗೆ ಮಗಳಿಗೆ ಫೋನಿನಲ್ಲಿ ಅರ್ಧ ಹೇಳಿದ್ದಳು: ಕಂಪನಿಯವರ ಜೊತೆ ಬರುತ್ತೇನೆ, ನನ್ನದೂ ಸ್ವಲ್ಪ ಕೆಲಸ ಇದೆ, ಅಂತ. ಒಂದು ಶನಿವಾರ ಬೆಳಿಗ್ಗೆ ಪ್ರಶಾಂತನ ಕಾರಿನಲ್ಲಿ ಮೂವರೂ ಹೊರಟೆವು. ತಂಗೆವ್ವ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಪ್ರಶಾಂತನಿಗೆ ಹಳೆಯ ಆಟಗಳ ಕಥೆ ಹೇಳುತ್ತ, ಅವನಿಗೆ ಇನ್ನೂ ಲಗ್ನ ಯಾಕೆ ಆಗಿಲ್ಲವೆಂದು ಪಂಚನಾಮೆ ಮಾಡುತ್ತ ಬಂದಳು.

ಶಾಲೆಯಲ್ಲಿ ಸುಮಂಗಲಾ ನಮ್ಮನ್ನು ಬಾಗಿಲಲ್ಲೇ ಎದುರುಗೊಂಡರು. ತಾಯಿಯನ್ನು ನೋಡಿ ಅವರ ಕಣ್ಣಲ್ಲಿ ಸ್ವಲ್ಪ ಹಿಗ್ಗು ಕಂಡಿತು. ಅಷ್ಟರಲ್ಲಿ ಮುಖ್ಯೋಪಾಧ್ಯಾಯರು ಬಂದು ಈ ಅಜ್ಜಿ ಯಾರು ಎಂದು ವಿಚಾರಿಸಿದರು. ಸುಮಂಗಲಾ ಒಂದು ಕ್ಷಣ ತಡೆದು, "ನಮ್ಮೂರವರ್ರಿ ಸರ್, ಇವರ ಜೋಡಿ ಬಂದಾರ" ಎಂದರು. ತಂಗೆವ್ವ ಮುಖ್ಯೋಪಾಧ್ಯಾಯರಿಗೆ ನಮಸ್ಕಾರ ಮಾಡಿ, ಊರವಳು ಕೂರುವಂತೆ ಹಿಂದಿನ ಬೆಂಚಿಗೆ ಹೋಗಿ ಕೂತಳು. ನಾನು ನೆಲ ನೋಡಿದೆ.

ಆಟ ಶುರುವಾಯಿತು. ಮಕ್ಕಳು ಸರದಿಯಂತೆ ಹಿಡಿಕೆ ಹಿಡಿದರು. ಎಮ್ಮೆ ಬಾಯಿ ತೆರೆದದ್ದೇ ತಡ, ಇಡೀ ಕೋಣೆ ನಗೆಯಲ್ಲಿ ಮುಳುಗಿತು. ಶಿಕ್ಷಕರೂ ನಕ್ಕರು. ಪ್ರಶಾಂತ ನನ್ನ ಭುಜ ತಟ್ಟಿದ. ನಾನೂ ಬೀಗಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಎಲ್ಲರೂ ನಗುತ್ತಿದ್ದರು, ಆದರೆ ಎಮ್ಮೆಯಾಗಲು ಯಾರೂ ಒಪ್ಪುತ್ತಿರಲಿಲ್ಲ. ಗುಂಡಿ ತಪ್ಪಿ ಎಮ್ಮೆ ಬಂದರೆ ಸರಕ್ಕನೆ ನರಿಗೆ ಬದಲಿಸುತ್ತಿದ್ದರು.

ಎರಡು ಜಡೆ ಹಾಕಿದ್ದ ಒಬ್ಬ ಹುಡುಗಿ ಬಹಳ ಚೆನ್ನಾಗಿ ಆಡಿ, ಎಲ್ಲರಿಗಿಂತ ಮುಂದೆ ಹೋಗಿ, ಒಂದು ಬಂಡೆಯ ಮುಂದೆ ನಿಂತಳು. ಆಚೆ ಗಂಟೆ ಇದೆ. ಎಮ್ಮೆಯಾದರೆ ಮಾತ್ರ ಬಂಡೆ ಒಡೆಯುತ್ತದೆ. ಹಿಂದಿನಿಂದ ಎಲ್ಲರೂ ಎಮ್ಮಿ ಹಾಕು, ಎಮ್ಮಿ ಹಾಕು ಎಂದು ಕೂಗಿದರು. ಹುಡುಗಿ ಹಿಡಿಕೆಯನ್ನು ಕೆಳಗಿಟ್ಟಳು.

"ನಾ ಎಮ್ಮಿ ಆಗೂದಿಲ್ರಿ" ಎಂದಳು.

ಯಾಕೆಂದು ಪ್ರಶಾಂತ ಕೇಳಿದ. ಅವನು ಕೇಳಿದ್ದು ತನ್ನ ಕೆಲಸದ ಸಲುವಾಗಿ, ಬರೆದುಕೊಳ್ಳಲು ಪೆನ್ನನ್ನೂ ತೆಗೆದಿದ್ದ. ಹುಡುಗಿ ಸುಮಂಗಲಾ ಕಡೆ ನೋಡಿ, ಅಂಜುತ್ತಲೇ ಹೇಳಿದಳು: "ಅದು ನಮ್ಮ ಆಯಿ ಮಾತಾಡಿದಂಗ ಮಾತಾಡ್ತೈತ್ರಿ. ಅದಕ್ಕ ಏನೂ ತಿಳಿಯೂದಿಲ್ರಿ."

ಮಕ್ಕಳು ಮತ್ತೆ ನಕ್ಕರು. ಟಿವಿಯಲ್ಲಿ ಯಾರೂ ಆಡದಿದ್ದರೂ ಎಮ್ಮೆ ತನ್ನಷ್ಟಕ್ಕೆ ತಾನೇ "ನನಗೇನ ತಿಳೀತೈತಿ" ಎಂದಿತು. ಸುಮಂಗಲಾ ಎದ್ದು ಹೋಗಿ ರಿಮೋಟು ತೆಗೆದುಕೊಂಡು ಸದ್ದು ಪೂರ್ತಿ ಇಳಿಸಿದರು. ಪರದೆಯ ಮೇಲೆ ಎಮ್ಮೆ ಬಾಯಿ ತೆರೆಯುತ್ತ ಮುಚ್ಚುತ್ತ ನಿಂತಿತ್ತು. ಮುಖ್ಯೋಪಾಧ್ಯಾಯರು, ಈ ಎಮ್ಮಿ ಧ್ವನಿ ಭಾಳ ಚಲೋ ಐತಿ, ಯಾರದ್ರಿ ಎಂದು ನನ್ನನ್ನು ಕೇಳಿದರು. ನಾನು ಹಿಂದೆ ತಿರುಗಿ ನೋಡಿದೆ. ತಂಗೆವ್ವ ಬೇಡ ಎಂಬಂತೆ ಅಷ್ಟೇ ಅಷ್ಟು ತಲೆ ಅಲ್ಲಾಡಿಸಿದಳು. ಗೋಕಾಕ ಕಡೆಯ ಕಲಾವಿದರು ಎಂದು ಬಾಯಿಗೆ ಬಂದದ್ದು ಹೇಳಿದೆ. ಆ ಮಾತು ಬರೆದವನು ನಾನು ಎಂದಾದರೂ ಹೇಳಬಹುದಿತ್ತು. ಅದೂ ಹೇಳಲಿಲ್ಲ.

ತಿರುಗಿ ಬರುವಾಗ ಕಾರಿನಲ್ಲಿ ಪ್ರಶಾಂತನೊಬ್ಬನೇ ಮಾತಾಡಿದ, ಎಮ್ಮೆಯೇ ಈ ಆಟದ ದೊಡ್ಡ ಆಸ್ತಿ ಎಂದು. ಅವನಿಗೇನೂ ಗೊತ್ತಿರಲಿಲ್ಲ, ಸುಮಂಗಲಾ ಯಾರ ಮಗಳೆಂಬುದೂ ಸಹ. ಯಮಕನಮರಡಿ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ತಂಗೆವ್ವ ಇಳಿಯಲಿಲ್ಲ. ನಾನು ಕಪ್ಪು ಒಯ್ದು ಕೊಟ್ಟೆ. ತೆಗೆದುಕೊಂಡಳು, ಕುಡಿಯಲಿಲ್ಲ, ತಣ್ಣಗಾದ ಮೇಲೆ ಕಿಟಕಿಯಿಂದ ಚೆಲ್ಲಿ ಖಾಲಿ ಕಪ್ಪನ್ನು ನನ್ನ ಕೈಗೆ ಕೊಟ್ಟಳು.

ಮರುದಿನ ಪ್ರಶಾಂತನಿಗೆ ಫೋನು ಮಾಡಿ ಆಟದ ಮೂಲ ಧ್ವನಿಗಳನ್ನು ಕಳಿಸು ಎಂದೆ. ಮೊದಲೇ ಕೇಳಬೇಕಾಗಿತ್ತು. ಹಾಳೆಯ ಮೇಲೆ ಮಾತುಗಳಿದ್ದವು, ದನಿ ಇರಲಿಲ್ಲ, ನಾನು ಬೇಕೆಂದು ಕೇಳಿಯೂ ಇರಲಿಲ್ಲ. ಅವನು ಕಳಿಸಿದ್ದನ್ನು ಕಿವಿಗೊಟ್ಟು ಕೇಳಿದರೆ, ಆ ಕಾಡುಕೋಣ ದಡ್ಡನಲ್ಲ. ನಿಧಾನಕ್ಕೆ ಮಾತಾಡುತ್ತದೆ, ಅಷ್ಟೇ. ನರಿಯ ಗೆಳೆಯನಂತೆ ಮಾತಾಡುತ್ತದೆ, ಆಳಿನಂತಲ್ಲ. "ನೀನು ಮುಂದೆ ಓಡು, ದಾರಿ ನಾನು ಮಾಡುತ್ತೇನೆ" ಎಂಬ ಅರ್ಥದ, ಹಾಳೆಯಲ್ಲೇ ಇದ್ದ ಮಾತಿಗೆ ನಾನು "ನನಗೇನ ತಿಳೀತೈತಿ" ಎಂದು ಬರೆದಿದ್ದೆ. ಭಾಷಾಂತರದಲ್ಲಿ ಇಷ್ಟು ದೂರ ಹೋಗುವುದಕ್ಕೆ ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಮಾತು ಆಡುವ ಪ್ರಾಣಿ ಹೀಗೆಯೇ ಇರುತ್ತದೆ ಎಂದು ನಾನೇ ಊಹಿಸಿಕೊಂಡಿದ್ದೆ. ಅವತ್ತು ಸ್ಟುಡಿಯೋದ ಬಾಗಿಲು ಹಾಕಿಕೊಂಡು ಕೂತೆ. ಭಜನಾ ಮಂಡಳಿಯವರು ಬಂದು ಬಾಗಿಲು ತಟ್ಟಿ ತಿರುಗಿ ಹೋದರು.

ಎಮ್ಮೆಯ ಮಾತುಗಳನ್ನೆಲ್ಲ ಮತ್ತೆ ಬರೆಯುತ್ತೇನೆ, ಮತ್ತೆ ಮುದ್ರಿಸಬೇಕು ಎಂದಾಗ ಪ್ರಶಾಂತನಿಗೆ ತಲೆ ಕೆಟ್ಟಿತು. ಮಕ್ಕಳು ನಗುತ್ತಿದ್ದಾರಲ್ಲ ಸರ್ ಎಂದ. ಆ ಹುಡುಗಿ ಹಿಡಿಕೆ ಕೆಳಗಿಟ್ಟದ್ದನ್ನು ನೆನಪಿಸಿದೆ. ಆಮೇಲೆ ತಂಗೆವ್ವನ ಮಗಳು ಯಾರೆಂದು ಹೇಳಿದೆ. ಅವನು ವಾದ ಬಿಟ್ಟ. ಶಾಲೆಯಲ್ಲಿ ಮಕ್ಕಳು ನಕ್ಕದ್ದು ನೋಡಿ, ತಯಾರಿದ್ದ ಮೊದಲ ಕಂತಿನ ಪೆಟ್ಟಿಗೆಗಳನ್ನು ಆಗಲೇ ಕಳಿಸಿಬಿಟ್ಟಿದ್ದ, ಅವನ್ನು ತಡೆಯಲು ಆಗುತ್ತಿರಲಿಲ್ಲ. ಎರಡನೆಯ ಕಂತಿಗೆ ಬದಲಿಸಬಹುದು, ಒಂದು ವಾರದಲ್ಲಿ ಕೊಡಬೇಕು, ಅಳತೆ ಮಾತ್ರ ಒಂದಿಷ್ಟೂ ಮೀರಬಾರದು ಎಂದ.

ತಂಗೆವ್ವ ಫೋನು ಎತ್ತಲಿಲ್ಲ. ಬಸ್ಸು ಹತ್ತಿ ಮೂಡಲಗಿಗೆ ಹೋದೆ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ, ಅವಳು ಮೊರವನ್ನು ನನ್ನ ಕಡೆಗೂ ಸರಿಸಿದಳು. ಇಬ್ಬರೂ ಸುಲಿದೆವು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು:

"ಓದೂವಾಗನ ಇದು ಹೀಯಾಳಸೂ ಮಾತಂತ ನನಗ ಗೊತ್ತಾಗಿತ್ತು ತಮ್ಮಾ. ಮಗಳ ಸಾಲ್ಯಾಗ ಟಿವಿ ಮ್ಯಾಲೆ ನನ್ನ ಧ್ವನಿ ಬರ್ತೈತಿ ಅನ್ನೂ ಆಶಾಕ ಸುಮ್ಮ ಓದಿದ್ನಿ. ಇಷ್ಟ ವರ್ಷ ಮಂದೀನ ನಗಿಸೇನಿ. ನಗಸೂದು ಬ್ಯಾರೆ, ನಗಿಗೀಡ ಆಗೂದು ಬ್ಯಾರೆ ಅಂತ ಆಕಿಗಿ ಒಮ್ಮೆ ತೋರಸಬೇಕಂತಿದ್ನಿ. ಎರಡೂ ಒಂದ ಅಂತ ತೋರಿಸಿ ಬಂದ್ನಿ."

ತಪ್ಪು ನನ್ನದು ಅಕ್ಕಾರ ಎಂದೆ. "ನಿಂದಲ್ಲ ಅಂತ ನಾ ಎಲ್ಲಿ ಅಂದ್ನಿ?" ಎಂದು ಶೇಂಗಾ ಸಿಪ್ಪೆ ಊದಿದಳು. ಹೊಸ ಮಾತು ಬರೆಯುತ್ತೇನೆ, ಮತ್ತೆ ಮುದ್ರಣಕ್ಕೆ ಬನ್ನಿ ಎಂದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ತಿರುಗಿ ಬರುತ್ತ ಬಸ್‌ಸ್ಟ್ಯಾಂಡಿನಿಂದ ಸುಮಂಗಲಾಗೆ ಫೋನು ಮಾಡಿ, ಆ ಮಾತು ನಿಮ್ಮ ತಾಯಿಯದಲ್ಲ, ನನ್ನದು, ಅವರು ಸೇರಿಸಿದ ಒಳ್ಳೆಯ ಮಾತನ್ನು ನಾನೇ ಕತ್ತರಿಸಿದ್ದು ಎಂದು ಹೇಳಿದೆ. ಅವರು ಫೋನು ಇಟ್ಟರು.

ಗಡುವಿಗೆ ಹಿಂದಿನ ದಿನ ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ ಕೇಳಿಸಿತು. ತಂಗೆವ್ವನ ಹಿಂದೆ ಸುಮಂಗಲಾ ನಿಂತಿದ್ದರು. ಶಾಲೆಗೆ ರಜೆ ಹಾಕಿ ಬಂದಿದ್ದರು, ಯಾಕೆ ಬಂದೆ ಎಂದು ಹೇಳಲಿಲ್ಲ. ಹೊರಗಿನ ಸ್ಟೂಲಿನ ಮೇಲೆ ಪರ್ಸನ್ನು ಎದೆಗೆ ಹಿಡಿದುಕೊಂಡು ಕೂತರು.

ಈ ಸಲ ಹೆಡ್‌ಫೋನು ತೆಗೆಸಿದೆ. ನಾನೇ ಒಳಗೆ ನಿಂತು ನರಿಯ ಮಾತು ಓದುತ್ತೇನೆ, ನೀವು ಉತ್ತರ ಕೊಡಿ ಎಂದೆ. ಎರಡು ಸಲ ಓದಿದೆ. ತಂಗೆವ್ವ ತಡವರಿಸಿದಳು, ಮೂರನೆಯ ಸಲಕ್ಕೆ ಸಿಟ್ಟಾದಳು. "ನೀ ಸುದ್ದಿ ಓದಿದಂಗ ಓದ್ತಿ. ಸುದ್ದಿಗಿ ಏನ ಉತ್ತರ ಕೊಡ್ಲಿ?" ಎಂದಳು. ಹೊರಗೆ ಸುಮಂಗಲಾ ತಡೆಯಲಾರದೆ ನಕ್ಕರು. ತಾಯಿ ಕೌದಿಯ ಸಂದಿಯಿಂದ ಇಣುಕಿ, "ನಗತೀಯೇನ? ಬಾ, ನೀ ಓದು" ಎಂದಳು. ಸುಮಂಗಲಾ ಒಲ್ಲೆ ಎಂದರು, ಪರ್ಸು ಕೆಳಗಿಟ್ಟರು, ಬಂದರು. ನಾನು ಹಾಳೆಯನ್ನು ಅವರ ಕೈಗೆ ಕೊಟ್ಟು ಹೊರಬಂದೆ.

ಮಗಳು ತರಗತಿಯಲ್ಲಿ ಓದುವಂತೆ ಸ್ಪಷ್ಟವಾಗಿ ಓದಿದರು: "ಈ ಬಂಡೆಯನ್ನು ದಾಟುವುದು ಹೇಗೆ?"

"ದಾಟೂದ್ಯಾಕ? ಒಡದ ಹೋಗೂಣು. ಹಿಂದ ಸರಿ, ಕಾಲಿಗಿ ತಾಕೀತು."

ಸುಮಂಗಲಾ ಖರೆಖರೆ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮುಂದಿನ ಸಾಲು ಹುಡುಕಿ ಓದಿದರು: "ನಿನಗೆ ಭಯವಿಲ್ಲವೇ?"

"ಕಲ್ಲಿಗ್ಯಾಕ ಅಂಜಲಿ? ಅಂಜಿಕಿ ಮಂದೀದು."

ಇದು ನಾನು ಬರೆದ ಮಾತಲ್ಲ. ಸುಮಂಗಲಾ ಹಾಳೆಯಿಂದ ತಲೆ ಎತ್ತಲಿಲ್ಲ. ಮುಂದಿನ ಸಾಲು ಓದಲೂ ಇಲ್ಲ. ನಾನು ಗಾಜಿನ ಆಚೆ ಕೂತು ಮುದ್ರಣ ನಿಲ್ಲಿಸದೆ ಬಿಟ್ಟೆ. ತಂಗೆವ್ವ ಮಗಳ ಕೈಯ ಹಾಳೆಯನ್ನು ಬೆರಳಿನಿಂದ ತಟ್ಟಿ, ಮುಂದ ಓದವಾ ಎಂದಳು. ಸಂಜೆಯೊಳಗೆ ಎಲ್ಲ ಮುಗಿಯಿತು. ಅಂಜಿಕೆಯ ಆ ಮಾತು ಅಳತೆಗಿಂತ ಉದ್ದವಿತ್ತು. ಈ ಸಲ ಪ್ರಶಾಂತನಿಗೆ ಹೇಳಿ ಎಮ್ಮೆಯನ್ನೇ ಆ ಜಾಗದಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲಿಸಿದೆ. ಮೊದಲ ಸಲವೂ ಹಾಗೆ ಮಾಡಬಹುದಿತ್ತು.

ಚಹಾ ಕುಡಿಯುವಾಗ ಆಟದ ಕೊನೆಯಲ್ಲಿ ತೋರಿಸುವ ಹೆಸರುಗಳ ಮಾತು ಬಂತು. ತಂಗೆವ್ವ ಕಪ್ಪಿನ ಕೆಳಗಿನ ಬಸಿಗೆ ಚಹಾ ಸುರುವಿಕೊಳ್ಳುತ್ತ, "ನನ್ನ ಹೆಸರ ಬ್ಯಾಡ ತಮ್ಮಾ. ಸಾಲ್ಯಾಗೂ ನೋಡ್ತಾರ. ಎಮ್ಮಿ ಅಂತ ಹಾಕು, ಸಾಕು" ಎಂದಳು.

ಸುಮಂಗಲಾ ಬಾಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದರು. ತಲೆ ಎತ್ತದೆ ಹೇಳಿದರು: "ಸಣ್ಣಾಟದ ತಂಗೆವ್ವ, ಮೂಡಲಗಿ ಅಂತ ಹಾಕ್ರಿ ಸರ್. ಬರೇ ತಂಗೆವ್ವ ಅಂದ್ರ ಯಾರಂತ ತಿಳೀಬೇಕು?"

ತಂಗೆವ್ವ ಬಸಿಯನ್ನು ಬಾಯಿಗೆ ಒಯ್ದವಳು ಹಾಗೇ ನಿಂತಳು. ಮಗಳು ಆಗಲೇ ಮೆಟ್ಟಿಲು ಇಳಿಯಲು ಶುರುಮಾಡಿದ್ದರು, ಬಸ್ಸು ತಪ್ಪುತ್ತದೆ ಬಾ ಎಂದು ಕೆಳಗಿನಿಂದ ಕರೆದರು.

ಅವರು ಹೋದ ಮೇಲೆ ಹೆಸರುಗಳನ್ನು ಟೈಪು ಮಾಡಿದೆ. ಸಂಭಾಷಣೆ ಎಂಬಲ್ಲಿ ನನ್ನ ಹೆಸರು ಇತ್ತು. ಅಳಿಸಿಬಿಡೋಣ ಎನ್ನಿಸಿತು, ಕೈ ಅಲ್ಲಿಯವರೆಗೆ ಹೋಯಿತು. ಆದರೆ ಮೊದಲ ಕಂತಿನ ಪೆಟ್ಟಿಗೆಗಳು ಊರೂರಿಗೆ ಹೋಗಿವೆ. ಅವುಗಳಲ್ಲಿ ಹಳೆಯ ಎಮ್ಮೆ ಇವತ್ತಿಗೂ ತನಗೇನೂ ತಿಳಿಯುವುದಿಲ್ಲ ಎನ್ನುತ್ತಿದೆ, ಯಾವುದೋ ಮನೆಯಲ್ಲಿ ಮಕ್ಕಳು ನಗುತ್ತಿದ್ದಾರೆ, ಅದೇ ಮನೆಯ ಪಡಸಾಲೆಯಲ್ಲಿ ಅದೇ ಮಾತಾಡುವ ಒಬ್ಬ ಆಯಿ ಕೂತು ಕೇಳುತ್ತಿದ್ದಾಳೆ. ಅದನ್ನು ಬರೆದವನೂ ಇವನೇ ಎಂದು ಗೊತ್ತಿರಲಿ ಎಂದು ಹೆಸರನ್ನು ಇಟ್ಟೆ.

ಯಾರ ಮಾತನ್ನು ಬರೆಯುತ್ತೇವೋ ಅವರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಈಗ ಏನೇ ಬರೆದರೂ, ಆಟೋದ ಘೋಷಣೆಯಾದರೂ ಸರಿ, ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ. ತಡವಾಗಿ ಕಲಿತೆ. ಕಲಿಯಲು ಒಬ್ಬ ತಾಯಿಯನ್ನು ಅವಳ ಮಗಳ ಮುಂದೆಯೇ ತಲೆ ತಗ್ಗಿಸುವಂತೆ ಮಾಡಬೇಕಾಯಿತಲ್ಲ ಎಂಬುದು ಮಾತ್ರ ಇನ್ನೂ ನನ್ನನ್ನು ನಾಚಿಸುತ್ತದೆ.